ಬೂತಾಯಿ ತಂದ ಸಮುದ್ರ

ಮಿಜಾರು
ಜನವರಿ 18, 2026, ಭಾನುವಾರ

ಪ್ರೀತಿಯ ಕಾಂತಿ,

ಸಲಾಂ, ನಮಸ್ಕಾರ, ಎರಡೂ. ನಾನಿಲ್ಲಿ ಬದುಕಿದ್ದೇನೆ. ಸಕ್ಕರೆ ಕಾಯಿಲೆ ಗಡಿಯಲ್ಲಿ ಬಂದು ನಿಂತಿದೆಯಂತೆ, ಅದೂ ಆರೋಗ್ಯವಾಗಿಯೇ ಉಂಟು. ನೀನು ದೀಪಾವಳಿಗೆ ಕಳಿಸಿದ ಸಿಹಿಯ ಡಬ್ಬ ಬಂದು ಮೂರು ತಿಂಗಳಾಯಿತು. ಒಂದು ಮಾತು ಉತ್ತರ ಕೊಡಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದರೆ ತಪ್ಪಾಯಿತು. ಮೆಸೇಜು ಹಾಕಬಹುದಿತ್ತು ನಿಜ. ಆದರೆ ಮೆಸೇಜು ಹಾಕಿದರೆ ನೀನು ಒಂದು ಹೆಬ್ಬೆರಳು ಎತ್ತಿ ತೋರಿಸಿ ಮುಗಿಸ್ತೀ. ಫೋನು ಮಾಡಿದರೆ ನಾವಿಬ್ಬರೂ ತುಳುವಿನಲ್ಲಿ ಶುರು ಮಾಡ್ತೇವೆ, ತುಳುವಿನಲ್ಲಿ ನನಗೆ ಬೈಗುಳ ತುಂಬಾ ಸಲೀಸು. ಕನ್ನಡದಲ್ಲಿ ಬರೆಯಲಿಕ್ಕೆ ಕೂತರೆ ಶಾಲೆಯ ಟೀಚರು ಬೆನ್ನ ಹಿಂದೆ ನಿಂತ ಹಾಗೆ ಆಗ್ತದೆ, ಸ್ವಲ್ಪ ಮರ್ಯಾದೆಯಲ್ಲಿ ಇರ್ತೇನೆ. ಆದ್ದರಿಂದ ಕಾಗದ.

ನೀನು ಹಿರಿಯ ವಿಜ್ಞಾನಿ ಆದೆಯಂತೆ. ಅಭಿನಂದನೆ. ನಿಮ್ಮ ಸಂಸ್ಥೆಯ ವೆಬ್‌ಸೈಟಿನಲ್ಲಿ ಫೋಟೋ ನೋಡಿದೆ. ನಿನ್ನ ಸಾಹೇಬರು ಡಾ. ದಿವಾಕರಮೂರ್ತಿ ನಡುವಿನಲ್ಲಿ, ನೀನು ಅವರ ಎಡಗಡೆ, ನೀಲಿ ಸೀರೆ. ಆ ಮನುಷ್ಯ ಕ್ಯಾಮರಾ ಕಂಡರೆ ಗಲ್ಲ ಎತ್ತುವುದನ್ನು ಇನ್ನೂ ಬಿಟ್ಟಿಲ್ಲ. ಪಕ್ಕದಲ್ಲಿದ್ದವರೆಲ್ಲ ಅವರ ಗಲ್ಲಕ್ಕೆ ಆಸರೆ ಕೊಡಲಿಕ್ಕೆ ನಿಂತ ಹಾಗೆ ಕಾಣ್ತಾರೆ. ನಿನ್ನನ್ನು ಹೇಳಿದ್ದಲ್ಲ.

ಮತ್ತೆ ಎಂತದ್ದು ಸುದ್ದಿ? ಉಮ್ಮನಿಗೆ ಮಂಡಿನೋವು, ಬಂಟ್ವಾಳದ ಮನೆ ಬಿಟ್ಟು ನನ್ನ ಹತ್ತಿರ ಮಿಜಾರಿಗೆ ಬನ್ನಿ ಅಂದರೆ ಕೇಳುವುದಿಲ್ಲ. ನಿಝಾರ್ ಮತ್ತು ಅವನ ಹೆಂಡತಿ ಜೊತೆಗಿದ್ದಾರೆ, ಆದ್ದರಿಂದ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ನಿಝಾರನ ಮಂಡೆಯ ಬಗ್ಗೆ. ನನ್ನ ತಮ್ಮ ಈಗ ದೊಡ್ಡ ಜನ, ಗೊತ್ತುಂಟಲ್ಲ ನಿನಗೆ? ತೋಟದ ಗೇಟಿನಲ್ಲಿ ಬೋರ್ಡು ಹಾಕಿಸಿದ್ದಾನೆ: "ಇಲ್ಲಿ ಐದು ಸಾವಿರ ವರ್ಷದ ಹಿಂದೆ ಸಮುದ್ರವಿತ್ತು." ಕೆಳಗೆ ಅವನ ಮೊಬೈಲ್ ನಂಬರು. ಹೊಳೆಯ ಬದಿ ನಾಲ್ಕು ಕೋಣೆ ಕಟ್ಟಿಸಿ ಹೋಮ್‌ಸ್ಟೇ ಮಾಡ್ತಾನಂತೆ, ಅದಕ್ಕೆ ಸೀ ವ್ಯೂ ಅಂತ ಹೆಸರಂತೆ. ಸಮುದ್ರ ಎಲ್ಲಿ ಉಂಟು ಮಾರಾಯ ಅಂತ ಕೇಳಿದೆ. "ಅದು ಹಿಂದೆ ಇತ್ತಲ್ಲ" ಅಂದ.

ಇಷ್ಟಕ್ಕೆಲ್ಲ ಕಾರಣ ನಿಮ್ಮ ಸಂಸ್ಥೆಯ ಆ ಪ್ರಬಂಧ. ಕಳೆದ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಪೇಪರು ಬಿಡಿಸಿದರೆ ಮುಖಪುಟದಲ್ಲಿ "ಬಂಟ್ವಾಳದವರೆಗೂ ಹಬ್ಬಿತ್ತು ಕಡಲು!" ಕೆಳಗೆ ಫೋಟೋ. ನೆಲದಲ್ಲಿ ಒಂದು ಹೊಂಡ, ಹೊಂಡದ ಬದಿಯಲ್ಲಿ ಕೆಸರು ತುಂಬಿದ ಉದ್ದದ ಕೊಳವೆಯನ್ನು ದೊಡ್ಡ ಅಂಜಲ್ ಮೀನು ಹಿಡಿದವನ ಹಾಗೆ ಎತ್ತಿಕೊಂಡು ನಗುವ ಒಬ್ಬ. ಆ ಒಬ್ಬ ನನ್ನ ತಮ್ಮ. ಹಿಂದೆ ಕಾಣುವುದು ನಮ್ಮ ಬಾವಿ. ನಾನು ಇಪ್ಪತ್ತು ವರ್ಷದಿಂದ ಹಳೆಯ ಸಮುದ್ರದ ಜಾಡು ಹಿಡಿದು ಈ ಕರಾವಳಿಯ ಗದ್ದೆ, ಹೊಳೆಯ ನಡುವಿನ ಕುದ್ರು, ಅಳಿವೆ ಎಲ್ಲ ತೂತು ಮಾಡಿದವಳು. ನನ್ನ ಸ್ವಂತ ತವರಿನ ತೋಟದಲ್ಲಿ ಸಮುದ್ರ ಇದ್ದದ್ದು ನನಗೆ ಪೇಪರಿನಿಂದ ಗೊತ್ತಾಯಿತು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳಿದರು, "ಮೇಡಂ, ನಿಮ್ಮದು ಇದೇ ಸಬ್ಜೆಕ್ಟ್ ಅಲ್ವಾ?"

ನಿಝಾರನಿಗೆ ಫೋನು ಮಾಡಿ ಬೊಬ್ಬೆ ಹಾಕಿದೆ. ಯಾರನ್ನು ಕೇಳಿ ಬಿಟ್ಟೆ ಅಂತ. ಅವನಿಗೆ ಆಶ್ಚರ್ಯ. "ನೀನೇ ಕಳಿಸಿದ್ದು ಅಂತ ಗ್ರಹಿಸಿದೆ" ಅಂದ. ಹಾಗೆ ಯಾಕೆ ಗ್ರಹಿಸಿದ ಅಂತ ಕೇಳುವ ಮೊದಲೇ ನಾನು ಫೋನು ಇಟ್ಟಿದ್ದೆ. ಸಿಟ್ಟು ಬಂದರೆ ನನಗೆ ಪ್ರಶ್ನೆ ಕೇಳುವ ವ್ಯವಧಾನ ಇರುವುದಿಲ್ಲ, ಅದು ನಿನಗೆ ಗೊತ್ತುಂಟು.

ಆ ಮೇಲೆ ಎಂತ ಗಮ್ಮತ್ತು ಅಂತ ಹೇಳಲಿ. ಒಂದು ಟಿವಿಯವರು ಬಂದರು. ನೋಡಿ, ಪರಶುರಾಮ ಕೊಡಲಿ ಎಸೆದು ಸಮುದ್ರವನ್ನು ಹಿಂದೆ ಸರಿಸಿದ್ದಕ್ಕೆ ವಿಜ್ಞಾನದ ಮುದ್ರೆ ಬಿತ್ತು ಅಂತ ನಮ್ಮ ಬಾವಿಕಟ್ಟೆಯಲ್ಲಿ ನಿಂತು ಹೇಳಿದರು. ಅದನ್ನು ನೋಡಿ ನಮ್ಮ ಮೊಯಿದಿನಬ್ಬ ಮಾಮ ಸುಮ್ಮನಿರ್ತಾರಾ? ನೂಹ್ ನಬಿಯವರ ಕಾಲದ ಪ್ರಳಯದ ನೀರು ಅದು, ಹಡಗು ಇದೇ ದಾರಿಯಲ್ಲಿ ಹೋಗಿರಬೇಕು ಅಂತ ಅವರು ಬಿ.ಸಿ. ರೋಡಿನ ಹೋಟೆಲಿನಲ್ಲಿ ಚಾ ಕುಡಿಯುವವರಿಗೆಲ್ಲ ವಿವರಿಸಿದರು. ಒಂದು ವಾರ ಎರಡು ಪಕ್ಷಗಳೂ ಭಾರೀ ಖುಷಿಯಲ್ಲಿದ್ದವು. ಎರಡೂ ಕಡೆಯವರು ತಂದು ತೋರಿಸುತ್ತಿದ್ದದ್ದು ಒಂದೇ ಪೇಪರು, ಒಂದೇ ದಿವಾಕರಮೂರ್ತಿ. ಊರಿನಲ್ಲಿ ಸೌಹಾರ್ದ ಬೇಕಾದರೆ ಇಂಥ ಪ್ರಬಂಧ ವರ್ಷಕ್ಕೊಂದು ಬರಲಿ.

ಮಾಮನಿಗೆ ನಾನು ಹೇಳಿಕೊಟ್ಟದ್ದನ್ನು ನಿನಗೂ ಹೇಳ್ತೇನೆ. ನಿನಗೆ ಗೊತ್ತಿಲ್ಲ ಅಂತಲ್ಲ, ನಿಮ್ಮ ಕಡೆ ಇದೆಲ್ಲ ಮರೆತುಹೋದ ಹಾಗೆ ಕಾಣ್ತದೆ. "ಮಾಮ, ನೀರಿನಲ್ಲಿ ಡಯಾಟಮ್ ಅಂತ ಒಂದು ಪಾಚಿ ಉಂಟು. ಕಣ್ಣಿಗೆ ಕಾಣುವುದಿಲ್ಲ. ಅದರ ಮೈಗೆ ಗಾಜಿನ ಚಿಪ್ಪು. ಪಾಚಿ ಸತ್ತರೂ ಚಿಪ್ಪು ಕೆಸರಿನಲ್ಲಿ ಕೂತುಬಿಡ್ತದೆ, ಬೇಗ ಹಾಳಾಗುವುದಿಲ್ಲ. ಸಮುದ್ರದ್ದು ಬೇರೆ ಜಾತಿ, ಅಳಿವೆಯ ಚಪ್ಪೆ ಉಪ್ಪುನೀರಿನದ್ದು ಬೇರೆ, ಹೊಳೆಯದ್ದು ಬೇರೆ. ಕೆಸರನ್ನು ಕೊಳವೆಯಲ್ಲಿ ಎತ್ತಿ, ಯಾವ ಪದರದಲ್ಲಿ ಯಾವ ಜಾತಿ ಉಂಟು ಅಂತ ನೋಡಿದರೆ, ಯಾವ ಕಾಲಕ್ಕೆ ಸಮುದ್ರ ಎಲ್ಲಿವರೆಗೆ ಬಂದಿತ್ತು ಅಂತ ಹೇಳಬಹುದು." ಮಾಮ ತಲೆ ಆಡಿಸಿದರು. "ಹಾಗಾದರೆ ನಮ್ಮ ತೋಟದಲ್ಲಿ ಸಮುದ್ರದ್ದು ಸಿಕ್ಕಿತಲ್ಲ?" ಸಿಕ್ಕಿತು. ಅಲ್ಲಿಯೇ ಇರುವುದು ತಮಾಷೆ.

ನಮ್ಮ ತಂದೆ, ಉಪ್ಪ, ಆ ತೋಟಕ್ಕೆ ತೆಂಗಿನ ಸಸಿ ಇಟ್ಟದ್ದು ಹೇಗೆ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಸೊಂಟದ ಆಳದ ಹೊಂಡ ತೆಗೆಸಿ, ತಳಕ್ಕೆ ಕಲ್ಲುಪ್ಪು ಸುರಿದು, ಅದರ ಮೇಲೆ ಬುಟ್ಟಿಗಟ್ಟಲೆ ಬೂತಾಯಿ ಮೀನು ಹಾಕಿ, ಮೇಲೆ ಮಣ್ಣು ಎಳೆದು ಸಸಿ ಇಡುವುದು. ಮತ್ತೆ ಮಳೆ ಶುರುವಾಗುವಾಗ ಬುಡ ಬಿಡಿಸಿ ಮತ್ತೆ ಬೂತಾಯಿ. ಬಲೆಗೆ ಬೇಕಾಬಿಟ್ಟಿ ಬಿದ್ದು ಕೇಳುವವರಿಲ್ಲದ ವರ್ಷಗಳಲ್ಲಿ ಮಂಗಳೂರು ಬಂದರಿನಿಂದ ಲಾರಿಯಲ್ಲೇ ಬರ್ತಿತ್ತು, ಕೊಳೆತದ್ದು, ರಸ್ತೆಯುದ್ದಕ್ಕೆ ನೀರು ಸೋರಿಸಿಕೊಂಡು. ಆ ಮೇಲೆ ಹದಿನೈದು ದಿನ ನಮ್ಮ ಮನೆಗೆ ನೆಂಟರು ಬರ್ತಿರಲಿಲ್ಲ. ಕರಾವಳಿಯಲ್ಲಿ ಹಳೆಯ ತೋಟ ಇದ್ದವರು ಯಾರನ್ನು ಬೇಕಾದರೂ ಕೇಳು, ತೆಂಗಿಗೆ ಮೀನುಗೊಬ್ಬರ ಹಾಕದವರು ಯಾರು? ಮತ್ತೆ ಆ ಬೂತಾಯಿ ಬದುಕಿದ್ದಾಗ ಸಮುದ್ರದಲ್ಲಿ ಎಂತ ತಿಂದುಕೊಂಡಿತ್ತು, ಹಿರಿಯ ವಿಜ್ಞಾನಿಯವರೇ? ಡಯಾಟಮ್. ಹೊಟ್ಟೆ ತುಂಬಾ ಡಯಾಟಮ್.

ಅಂದರೆ ನಿಮ್ಮ ಸಾಹೇಬರು ಬೆಂಗಳೂರಿನಿಂದ ಎರಡು ಜೀಪು ಮಾಡಿಕೊಂಡು ಬಂದು, ಇಡೀ ತಾಲೂಕು ಬಿಟ್ಟು, ನಮ್ಮ ಉಪ್ಪನ ತೆಂಗಿನ ಬುಡಕ್ಕೇ ಕೊಳವೆ ಇಳಿಸಿ, ಬೂತಾಯಿಯ ಕರುಳಿನಲ್ಲಿದ್ದದ್ದನ್ನು ಎಣಿಸಿ, ಸಮುದ್ರ ಬಂದಿತ್ತು ಅಂದರು. ಬಂದದ್ದು ಹೌದು. ಲಾರಿಯಲ್ಲಿ ಬಂದದ್ದು.

ಐದು ಸಾವಿರ ವರ್ಷ ಅಂತ ಬೇರೆ. ಅದೇ ಪದರದಲ್ಲಿ ಒಂದು ಇದ್ದಿಲಿನ ಚೂರು ಸಿಕ್ಕಿತಂತೆ, ಅದರ ಪ್ರಾಯ ಐದು ಸಾವಿರವಂತೆ. ಇರಬಹುದು ಮಾರಾಯ್ತಿ, ಇದ್ದಿಲು ಹಳತೇ ಇರಬಹುದು. ಹಳೆಯ ಜೇಡಿಯಲ್ಲಿ ಹೊಂಡ ತೆಗೆದು ಅದೇ ಜೇಡಿಯನ್ನು ಮೀನಿನ ಮೇಲೆ ಎಳೆದರೆ ಹಳೆಯ ಇದ್ದಿಲು ಮೀನಿನ ಪಕ್ಕಕ್ಕೆ ಬರದೆ ಎಲ್ಲಿಗೆ ಹೋಗ್ತದೆ? ಎಂ.ಎಸ್ಸಿ. ಮೊದಲ ವರ್ಷದ ಮಕ್ಕಳಿಗೆ ನಾನು ಕೇಳುವ ಪ್ರಶ್ನೆ ಇದು. ಉತ್ತರ ಬರೆಯದವರನ್ನು ಫೇಲು ಮಾಡ್ತೇನೆ. ಮತ್ತೆ ನಮ್ಮ ತೋಟಕ್ಕೆ ಸಮುದ್ರ ಏರಬೇಕಾದರೆ ಕೆಳಗೆ ಉಳ್ಳಾಲ, ಬೆಂಗ್ರೆ, ಬಂದರು ಎಲ್ಲ ತೆಂಗಿನ ಮರದಷ್ಟು ಆಳದ ನೀರಿನ ಅಡಿ ಇರಬೇಕಿತ್ತು. ಅಲ್ಲೆಲ್ಲ ಯಾರಿಗೂ ಅದರ ಗುರುತು ಸಿಕ್ಕಿಲ್ಲವಲ್ಲ ಅಂತ ಒಬ್ಬರಾದರೂ ಕೇಳಬೇಡವಾ? ಪ್ರಬಂಧ ಓದಿ ಒಪ್ಪಿದ ಪಂಡಿತರು ಯಾರೋ, ಅವರು ಊಟ ಆದ ಮೇಲೆ ಓದಿರಬೇಕು.

ಲೇಖಕರ ಪಟ್ಟಿಯಲ್ಲಿ ನಿನ್ನ ಹೆಸರು ಮೂರನೆಯದು ಅಂತ ನೋಡಿದೆ. ನಿನ್ನನ್ನು ನಾನು ಎಂತ ಹೇಳಲಿ? ಅವರು ಎಲ್ಲರ ಹೆಸರನ್ನೂ ಹಾಕ್ತಾರೆ, ಜೀಪಿನ ಡ್ರೈವರನ ಹೆಸರು ಬಿಟ್ಟದ್ದೇ ದೊಡ್ಡದು. ನೀನು ಪಾಪ ಬೆಂಗಳೂರಿನಲ್ಲಿ ಎಸಿ ಕೋಣೆಯಲ್ಲಿ ಕೂತು ಸ್ಲೈಡು ಎಣಿಸಿರ್ತೀ. ಚೀಲದ ಮೇಲಿನ ನಂಬರು ಬಿಟ್ಟರೆ ಮಣ್ಣು ಯಾರ ತೋಟದ್ದು ಅಂತ ನಿನಗೆ ಹೇಗೆ ಗೊತ್ತಾಗಬೇಕು? ಹಾಗೆ ಅಂತ ಇಟ್ಟುಕೊಳ್ಳುವ.

ನಾನು ಸುಮ್ಮನೆ ಕೂರಲಿಲ್ಲ. ದಿವಾಕರಮೂರ್ತಿಯವರಿಗೆ ಎಷ್ಟು ಮರ್ಯಾದೆಯಿಂದ ಬರೆದೆ ಅಂದರೆ ಓದಿ ನನಗೇ ವಾಕರಿಕೆ ಬಂತು. ಅವರೇ ಫೋನು ಮಾಡಿದರು. "ಜುಲೈಕಾ ಅವರೇ, ನಿಮ್ಮ ತಂದೆಯವರ ನೆನಪು ನಿಮಗೆ ದೊಡ್ಡದು, ನಾನು ಗೌರವಿಸ್ತೀನಿ. ಆದರೆ ಮನೆಮಂದಿಯ ಕಥೆಗಳನ್ನ ನಾವು ಸಾಕ್ಷ್ಯ ಅಂತ ತಗೊಳ್ಳೋಕಾಗಲ್ಲ." ನಾನು ಕೇಳಿದೆ, ಗೊಬ್ಬರ ಹಾಕಿದ್ದಾರಾ ಅಂತ ಒಂದು ಮಾತು ವಿಚಾರಿಸಬಹುದಿತ್ತಲ್ಲ ಸರ್? "ವಿಚಾರಿಸಿದ್ದೀವಲ್ಲ. ಹೊರಗಿನಿಂದ ಏನೂ ತಂದು ಹಾಕಿಲ್ಲ ಅಂತ ನಮ್ಮ ತಂಡದವರು ಅಲ್ಲೇ ಖಚಿತ ಮಾಡ್ಕೊಂಡಿದ್ದಾರೆ. ಪ್ರಬಂಧದಲ್ಲೂ ಬರೆದಿದೆ." ತಂಡದವರು ಯಾರು ಅಂತ ಕೇಳಿದೆ. "ಅದೆಲ್ಲ ನಮ್ಮ ಒಳಗಿನ ವಿಷಯ" ಅಂತ ಹೇಳಿ, ನನ್ನ ಆರೋಗ್ಯ ವಿಚಾರಿಸಿ, ಫೋನು ಇಟ್ಟರು.

ಸರಿ, ಸಾಕ್ಷ್ಯ ಬೇಕಾ, ತಗೊಳ್ಳಿ ಅಂತ ನಾನೂ ಸಾತ್ವಿಕಾಳೂ ತೋಟಕ್ಕೆ ಹೋದೆವು. ಸಾತ್ವಿಕಾ ಅಂದರೆ ನನ್ನ ಪಿಎಚ್‌ಡಿ ವಿದ್ಯಾರ್ಥಿನಿ, ಬೆಳ್ತಂಗಡಿ ಕಡೆಯ ಹುಡುಗಿ, ಅವಳ ಅಪ್ಪ ಧರ್ಮಸ್ಥಳದಲ್ಲಿ ಸಣ್ಣ ಹೋಟೆಲು ಇಟ್ಟಿದ್ದಾರೆ. ತೆಂಗಿನ ಬುಡದಲ್ಲಿ ತೆಗೆದ ಮಣ್ಣಿನಲ್ಲಿ ಸಮುದ್ರದ ಡಯಾಟಮ್ ಧಾರಾಳ, ಜೊತೆಗೆ ಮೀನಿನ ಮುಳ್ಳು. ಎರಡು ಸಾಲಿನ ನಡುವೆ, ಬುಡದಿಂದ ಸ್ವಲ್ಪ ದೂರ ಹೋಗಿ ಅದೇ ಆಳಕ್ಕೆ ತೆಗೆದರೆ ಬರೀ ಹೊಳೆಯದ್ದು, ಎಪ್ಪತ್ತನಾಲ್ಕರ ನೆರೆಯ ಹೂಳು ಸಮೇತ. ಎಂಥ ಶಿಸ್ತಿನ ಸಮುದ್ರ ನೋಡು. ಬಂದು, ತೆಂಗಿನ ಮರಗಳ ಬುಡಕ್ಕೆ ಮಾತ್ರ ನೀರು ಬಿಟ್ಟು, ಸಾಲು ತಪ್ಪದೆ ವಾಪಸು ಹೋಗಿದೆ.

ಅಷ್ಟು ಸಾಲದು ಅಂತ ಕೈಕಂಬದ ಮಾರ್ಕೆಟಿನಿಂದ ಬೂತಾಯಿ ತಂದು ಹೊಟ್ಟೆ ಬಗೆದು ನೋಡಿದೆವು. ಅದೇ ಜಾತಿಗಳು. ಮೂರು ದಿನ ಡಿಪಾರ್ಟ್‌ಮೆಂಟು ಇಡೀ ನಾತ. ನಮ್ಮ ಲ್ಯಾಬಿನ ಅಟೆಂಡರ್ ಚನಿಯಪ್ಪ ಮೂಗಿಗೆ ಟವೆಲು ಕಟ್ಟಿಕೊಂಡು ಬಂದ. "ಮೇಡಂ, ಇಷ್ಟು ದಿನ ಮಣ್ಣು ತಿನ್ನಿಸ್ತಿದ್ರಿ, ಈಗ ಮೈಕ್ರೋಸ್ಕೋಪಿಗೆ ಮೀನೂ ಬೇಕಾ? ಉಳಿದ ಮೀನು ಎಂತ ಮಾಡ್ಲಿ?" ಮನೆಗೆ ತಗೊಂಡು ಹೋಗು ಅಂದೆ. ಹೊಟ್ಟೆ ಬಗೆದು ಕ್ಲೀನಾಗಿ ಕೊಟ್ಟದ್ದಕ್ಕೆ ಅವನಿಗೆ ತುಂಬಾ ಸಂತೋಷ.

ಇದನ್ನೆಲ್ಲ ಬರೆದು, ಪ್ರಬಂಧ ಹಾಕಿದ ಆ ಸಂಶೋಧನಾ ಪತ್ರಿಕೆಗೆ ಕಳಿಸಿದೆ. ಪರಿಶೀಲಿಸಿ, ಲೇಖಕರ ಉತ್ತರ ತರಿಸಿ, ತೀರ್ಮಾನ ಮಾಡಲಿಕ್ಕೆ ಒಂದು ವರ್ಷವಾದರೂ ಬೇಕು ಅಂತ ಉತ್ತರ ಬಂತು. ನನಗೇನು, ನಾನು ಕಾಯ್ತೇನೆ. ದಿವಾಕರಮೂರ್ತಿ ಇನ್ನೂ ಹತ್ತು ಊರಿಗೆ ಸಮುದ್ರ ಹತ್ತಿಸಲಿ, ಮೂಡಬಿದಿರೆಯ ಬಸದಿಯ ಮೆಟ್ಟಿಲವರೆಗೆ ತಂದು ನಿಲ್ಲಿಸಲಿ, ನಾನು ಕೂತು ನೋಡ್ತೇನೆ. ಆದರೆ ಸಾತ್ವಿಕಾಳಿಗೆ ಒಂದು ವರ್ಷ ಇಲ್ಲ. ಈ ಕಾಗದ ಬರೆಯುವುದು ಅದಕ್ಕೇ.

ಅವಳ ಥೀಸಿಸು ಏನು ಗೊತ್ತುಂಟಾ? ನೇತ್ರಾವತಿಯ ಉದ್ದಕ್ಕೆ, ಅಳಿವೆಯಿಂದ ಮೇಲೆ ಮೇಲೆ ಬರ್ತಾ, ಹಳೆಯ ಉಪ್ಪುನೀರು ಎಲ್ಲಿವರೆಗೆ ಏರಿತ್ತು ಅಂತ. ಆರು ವರ್ಷ ಕೆಸರಿನಲ್ಲಿ ನಿಂತಿದ್ದಾಳೆ. ಕಾಲಿಗೆ ಕಜ್ಜಿ ಎದ್ದು ಎರಡು ಸಲ ಆಸ್ಪತ್ರೆಗೆ ಹೋದಳು, ಮದುವೆಯ ಸಂಬಂಧ ಒಂದು ತಪ್ಪಿತು, ಹುಡುಗನ ತಾಯಿ "ಕೆಸರು ತೆಗೆಯುವ ಕೆಲಸವಾ?" ಅಂತ ಕೇಳಿದ್ದಂತೆ. ಅವಳ ಲೆಕ್ಕದಲ್ಲಿ ಉಪ್ಪುನೀರು ಫರಂಗಿಪೇಟೆ ದಾಟಲೇ ಇಲ್ಲ. ಒಳ್ಳೆಯ ಕೆಲಸ ಕಾಂತಿ. ನಮ್ಮಿಬ್ಬರ ಥೀಸಿಸಿಗಿಂತ ಒಳ್ಳೆಯದು, ನಾನು ಬಾಯಿ ಬಿಟ್ಟು ಹೇಳ್ತೇನೆ. ಅದನ್ನು ಪರೀಕ್ಷಿಸಲಿಕ್ಕೆ ವಿಶ್ವವಿದ್ಯಾನಿಲಯದವರು ಯಾರಿಗೆ ಕಳಿಸಬೇಕು? ಇದ್ದಾರಲ್ಲ ನಿನ್ನ ಸಾಹೇಬರು, ಕಡಲಿನ ಒಡೆಯರು. ನವೆಂಬರಿನಲ್ಲಿ ವಾಪಸು ಬಂತು. "ಬಂಟ್ವಾಳದಲ್ಲಿ ಈಗಾಗಲೇ ಸ್ಥಾಪಿತವಾದ ಸತ್ಯವನ್ನು ಅಭ್ಯರ್ಥಿ ಕಡೆಗಣಿಸಿದ್ದಾರೆ. ತೀರ್ಮಾನವನ್ನು ಬದಲಿಸಿ ಮರುಸಲ್ಲಿಸಬೇಕು." ಮಾರ್ಚ್ ಕೊನೆಗೆ ಅವಳ ಅವಧಿ ಮುಗಿಯುತ್ತದೆ. ಬೇರೆ ಪರೀಕ್ಷಕರನ್ನು ಕೊಡಿ ಅಂತ ಅರ್ಜಿ ಹಾಕಿದೆ. ಪ್ರಕಟವಾದ ಪ್ರಬಂಧ ನಿಂತಿರುವವರೆಗೆ ಪರೀಕ್ಷಕರ ಮಾತನ್ನು ತಳ್ಳಿಹಾಕಲಿಕ್ಕೆ ಆಗುವುದಿಲ್ಲ ಅಂದರು.

ಮೊನ್ನೆ ಶುಕ್ರವಾರ ಅವಳು ನನ್ನ ಕೋಣೆಗೆ ಬಂದು ಕೂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಿತ್ತು. "ಮೇಡಂ, ಒಂದು ಚಾಪ್ಟರು ಸೇರಿಸ್ತೇನೆ. ಸಮುದ್ರ ಬಂಟ್ವಾಳಕ್ಕೆ ಬಂದಿತ್ತು ಅಂತ ಬರೆದುಬಿಡುವ" ಅಂದಳು. ಬಂದಿಲ್ಲವಲ್ಲ ಸಾತ್ವಿಕಾ ಅಂದೆ. "ಬಂದಿಲ್ಲ. ಆದರೆ ಬಂದಿತ್ತು ಅಂತ ಬರೆದವರಿಗೆಲ್ಲ ಪ್ರಮೋಷನ್ ಆಗಿದೆಯಲ್ಲ ಮೇಡಂ." ನಿನ್ನ ಹೆಸರು ಹೇಳಿದ್ದಲ್ಲ ಅವಳು, ನಿನ್ನ ಪರಿಚಯ ಅವಳಿಗೆ ಇಲ್ಲ. ವಾಮದಪದವಿನಲ್ಲಿ ಒಂದು ಟ್ಯೂಷನ್ ಸೆಂಟರಿನವರು ಕರೆದಿದ್ದಾರಂತೆ, ಮಾರ್ಚಿನೊಳಗೆ ಆಗದಿದ್ದರೆ ಅಲ್ಲಿಗೆ ಹೋಗ್ತಾಳಂತೆ. ನಾನು ಅವಳಿಗೆ ಬೈದೆ. ಸುಳ್ಳು ಒಂದು ಸಾಲು ಸೇರಿಸಿದರೆ ಥೀಸಿಸು ನಾನೇ ಹರಿದು ಹಾಕ್ತೇನೆ ಅಂದೆ. ನಾನು ಬೈಯಬೇಕಾದದ್ದು ಅವಳಿಗಲ್ಲ.

ಈಗ ವಿಷಯಕ್ಕೆ ಬರ್ತೇನೆ. ಹೊರಗಿನವರು ಆಕ್ಷೇಪಿಸಿದರೆ ಒಂದು ವರ್ಷ. ಲೇಖಕರಲ್ಲಿ ಒಬ್ಬರೇ ಬರೆದರೆ ಆ ಕ್ಷಣದಿಂದ ಪ್ರಬಂಧದ ಮೇಲೆ ಎಚ್ಚರಿಕೆಯ ಸೂಚನೆ ಬೀಳ್ತದೆ, ಪತ್ರಿಕೆಯವರನ್ನು ಕೇಳಿಯೇ ಹೇಳ್ತಿದ್ದೇನೆ. ಅದು ಬಿದ್ದರೆ ಬೇರೆ ಪರೀಕ್ಷಕರನ್ನು ಕೊಡಲಿಕ್ಕೆ ಅಡ್ಡಿಯಿಲ್ಲ ಅಂತ ವಿಶ್ವವಿದ್ಯಾನಿಲಯದವರೂ ಹೇಳಿದ್ದಾರೆ. ನೀನು ಬರೆಯಬೇಕಾದದ್ದು ಒಂದು ಸಾಲು: ಆ ತೋಟದ ತೆಂಗಿಗೆ ಮೀನುಗೊಬ್ಬರ ಹಾಕುತ್ತಿದ್ದರು. ಅಷ್ಟೇ. ದಿವಾಕರಮೂರ್ತಿ ಸುಳ್ಳ ಅಂತ ಬರೆಯುವುದು ಬೇಡ. ಅವರು ಸುಳ್ಳರೂ ಅಲ್ಲ. ಸುಳ್ಳು ಹೇಳಲಿಕ್ಕೆ ನಿಜ ಎಂತದ್ದು ಅಂತ ಸ್ವಲ್ಪ ಗೊತ್ತಿರಬೇಕಾಗ್ತದೆ, ಅವರಿಗೆ ಆ ಕಷ್ಟವಿಲ್ಲ.

ನಿನಗೆ ಅಲ್ಲಿ ಸ್ವಲ್ಪ ಕಷ್ಟ, ಬಂಙ ಆಗಬಹುದು. ಸಾಹೇಬರು ಮುಖ ತಿರುಗಿಸಬಹುದು. ಮುಂದಿನ ಫೋಟೋದಲ್ಲಿ ನಿನ್ನನ್ನು ಕೊನೆಯ ಸಾಲಿಗೆ ಹಾಕಬಹುದು. ನೀನು ಎತ್ತರ ಇದ್ದೀ, ಕಾಣ್ತೀ.

ಇನ್ನೆಂತ ಬರೆಯಲಿ. ನಿನ್ನ ಮಗ ಅಶ್ವಿತ್ ಈ ವರ್ಷ ಹತ್ತನೆಯದಲ್ಲವಾ? ಚೆನ್ನಾಗಿ ಬರೆಯಲಿ, ಅಲ್ಲಾಹು ಅವನಿಗೆ ಆಯುಸ್ಸು, ಆರೋಗ್ಯ ಕೊಡಲಿ. ಮೂಡಬಿದಿರೆಯಲ್ಲಿ ನಿನ್ನ ಅಮ್ಮ ಸಿಕ್ಕಿದ್ದರು, ಬಸ್‌ಸ್ಟ್ಯಾಂಡಿನಲ್ಲಿ. ನನ್ನ ಕೈ ಹಿಡಿದುಕೊಂಡು ನಿನ್ನ ಪ್ರಮೋಷನ್ ಬಗ್ಗೆ ಹೇಳಿದರು, ಕಣ್ಣಲ್ಲಿ ನೀರು. ಅವರ ಮುಖ ನೋಡಿ ನನಗೂ ನಿಜವಾಗಿ ಸಂತೋಷ ಆಯಿತು. ನೀನು ಚೆನ್ನಾಗಿರು. ನಿನ್ನ ಮನೆಯಲ್ಲಿ ಯಾವುದಕ್ಕೂ ಕಮ್ಮಿ ಆಗದಿರಲಿ.

ನಿನ್ನ,
ಜುಲೈಕಾ

ಮರೆತ ಮಾತು: ಮರೆತದ್ದಲ್ಲ. ಬರೆಯುವುದು ಬೇಡ ಅಂತ ಇದ್ದೆ. ಕವರಿಗೆ ಅಂಟು ಹಾಕುವ ಮೊದಲು ಆಗಲಿಲ್ಲ.

ಪೇಪರಿನಲ್ಲಿ ಬಂದ ವಾರವೇ ನಾನು ಬಂಟ್ವಾಳಕ್ಕೆ ಹೋಗಿದ್ದೆ, ನಿಝಾರನಿಗೆ ಎದುರಾ ಎದುರು ಎರಡು ಬಿಡಲಿಕ್ಕೆ. ಉಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದರು. "ಪಾಪ, ಅವನಿಗೆ ಯಾಕೆ ಬೈತೀ? ಕಾಂತಿ ಜೊತೆಗೆ ಇದ್ದಳಲ್ಲ, ಹಾಗೆ ನೀನೇ ಕಳಿಸಿದ್ದು ಅಂತ ನಾವೆಲ್ಲ ಗ್ರಹಿಸಿದ್ದು" ಅಂದರು. ಯಾವ ಕಾಂತಿ ಅಂತ ಕೇಳಿದೆ ನಾನು. ಹಾಗೆ ಕೇಳಿದೆ, ಕೇಳು.

ಅದಾಗಿ ಒಂದೂವರೆ ವರ್ಷವಾಗಿತ್ತು, ನನಗೆ ಎಲ್ಲ ಗೊತ್ತುಂಟು ಅಂತ ಉಮ್ಮ ಆ ಮಾತು ಎತ್ತಿರಲೇ ಇಲ್ಲ. ಆವತ್ತು ಫೋನು ಮಾಡಿ ಹೇಳಬೇಡಿ ಅಂತ ನೀನು ಅಂದಿದ್ದೆಯಂತೆ, ಜುಲೈಕಾಳ ಹತ್ತಿರ ನಾನೇ ಸಂಜೆ ಮಿಜಾರಿಗೆ ಹೋಗ್ತೇನೆ, ಅವಳಿಗೆ ಸರ್‌ಪ್ರೈಸ್ ಇರಲಿ ಅಂತ. ಈಗ ನಾನು ಕೇಳಿದ್ದಕ್ಕೆ ಉಮ್ಮ ಒಂದೊಂದೇ ಹೇಳಿದರು. ಜೀಪಿನವರು ಹೊರಗೆ ಕೊಳವೆ ಇಳಿಸುವಾಗ ನೀನು ಒಳಗೆ ಬಂದು ನೆಲದಲ್ಲಿ ಅವರ ಪಕ್ಕ ಕೂತದ್ದು. ಎರಡು ಸಲ ಕೇಳಿ ಅನ್ನ ಹಾಕಿಸಿಕೊಂಡದ್ದು. ನೀನು ದಪ್ಪ ಆದದ್ದು. ಮತ್ತೆ ಕೈ ತೊಳೆಯಲಿಕ್ಕೆ ಬಾವಿಯ ಹತ್ತಿರ ಹೋದವಳು ತೋಟದ ಕಡೆ ನೋಡಿ ನಕ್ಕು, "ಉಮ್ಮಾ, ಈಗ ತೆಂಗಿಗೆ ಬೂತಾಯಿ ಹಾಕುವುದಿಲ್ವಾ? ಆವತ್ತು ಲಾರಿ ಬಂದಾಗ ನಾನು ಇದೇ ಬಾವಿಯ ಹಿಂದೆ ವಾಂತಿ ಮಾಡಿದ್ದೆ, ನೆನಪುಂಟಾ?" ಅಂತ ಕೇಳಿದ್ದು. ಇದನ್ನು ಹೇಳುವಾಗ ಉಮ್ಮನ ಮುಖ ಅರಳಿತ್ತು. "ಇಷ್ಟು ದೊಡ್ಡ ಕೆಲಸದಲ್ಲಿದ್ದಾಳೆ, ಆದರೂ ಒಂದನ್ನೂ ಮರೆತಿಲ್ಲ ನೋಡು" ಅಂದರು.

ನಾನೂ ಮರೆತಿಲ್ಲ. ಎಂ.ಎಸ್ಸಿ.ಯ ಎರಡನೆಯ ವರ್ಷ. ನೀನು ರಜೆಗೆ ನಮ್ಮಲ್ಲಿಗೆ ಬಂದಿದ್ದೆ. ಉಪ್ಪ ನಿನಗೆ ನಿಂಬೆಹುಳಿ ತಂದುಕೊಟ್ಟು, ಮೂಗಿಗೆ ಹಿಡಿದುಕೋ ಮಗಳೇ ಅಂದಿದ್ದರು.

ಆವತ್ತು ನೀನು ಬಂಟ್ವಾಳದಲ್ಲಿ ಊಟ ಮಾಡುವಾಗ ನಾನು ಇಲ್ಲಿ ಮಿಜಾರಿನಲ್ಲೇ ಇದ್ದೆ. ರಜೆ ಇತ್ತು, ಬಟ್ಟೆ ಒಗೆಯುತ್ತಿದ್ದೆ. ನೀನು ಬರಲಿಲ್ಲ. ನನ್ನ ಮುಖ ನೋಡಿದ್ದರೆ, ಹೊರಗಿನಿಂದ ಏನೂ ತಂದು ಹಾಕಿಲ್ಲ ಅನ್ನುವ ಆ ಸಾಲನ್ನು ಬರೆಯಲಿಕ್ಕೆ ನಿನ್ನಿಂದ ಆಗ್ತಿರಲಿಲ್ಲ, ಅದಕ್ಕೇ ಬರಲಿಲ್ಲ ಅಂತ ಈಗ ನನಗೆ ನಾನೇ ಹೇಳಿಕೊಳ್ತೇನೆ. ದಿವಾಕರಮೂರ್ತಿಯವರ ಬಗ್ಗೆ ಇಷ್ಟು ಪುಟ ಬರೆದೆನಲ್ಲ, ಅವರು ನನಗೆ ಯಾರು? ಅವರ ಬಗ್ಗೆ ನನಗೆ ಒಂದು ಚೂರೂ ನೋವಿಲ್ಲ.

ಎಲ್ಲ ಹೇಳಿ ಮುಗಿಸಿ ಉಮ್ಮ ಕೇಳಿದರು, "ಸಂಜೆ ಬಂದಳಲ್ಲ ನಿನ್ನಲ್ಲಿಗೆ?"

ಬಂದಳು ಉಮ್ಮ ಅಂದೆ. "ನಿಂತಳಾ?" ನಿಂತಳು, ಬೆಳಿಗ್ಗೆ ಹೋದಳು ಅಂದೆ. ಉಮ್ಮನಿಗೆ ಸಂತೋಷವಾಯಿತು.

ಆದ್ದರಿಂದ ನೀನು ಇನ್ನು ಬರುವುದು ಬೇಡ ಕಾಂತಿ. ಆ ಒಂದು ಸಾಲು ಮಾತ್ರ ಕಳಿಸು. ನನಗಲ್ಲ, ಹುಡುಗಿಗೆ.

ಜು.